ಇಬ್ಬರೂ ನನಗೇ ಹೇಳಿದ್ದರು

ಬೆಸುಗೆ ಹಾಕುವಾಗ ಏಳುವ ಹೊಗೆಗೆ ಒಂದು ವಾಸನೆಯಿದೆ, ಬಲ್ಲವರೇ ಬಲ್ಲರು. ಅರ್ಧ ಸಾಂಬ್ರಾಣಿ, ಅರ್ಧ ಸುಟ್ಟ ಪೈನ್ ಮರ, ಜೊತೆಗೆ ನಾಲಗೆಯ ತುದಿಗೆ ತಾಗುವ ಲೋಹದ ರುಚಿ. ಈಚೆಗೆ ಒಂದು ಭಾನುವಾರ ಬ್ಯಾಲಂಟೈನ್ ಬಡಾವಣೆಯ ನಮ್ಮ ಮನೆಯ ಗ್ಯಾರೇಜಿನಲ್ಲಿ ನನ್ನ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಯಾವುದೋ ತಂತಿಗೆ ಬೆಸುಗೆ ಹಾಕುತ್ತಾ ಕೂತಿದ್ದಳು. ಲಾಂಡ್ರಿ ಬುಟ್ಟಿ ಹಿಡಿದು ಬಾಗಿಲು ತೆರೆದ ನಾನು ಅಲ್ಲೇ ನಿಂತುಬಿಟ್ಟೆ. "ಅಮ್ಮ, ಡೋರ್ ಕ್ಲೋಸ್ ಮಾಡು, ಸ್ಮೋಕ್ ಒಳಗೆ ಬರತ್ತೆ," ಎಂದಳು. ನಾನು ಮುಚ್ಚಲಿಲ್ಲ, ಬಂದರೆ ಬರಲಿ ಅನ್ನಿಸಿತು. ಮೂವತ್ತು ವರ್ಷದ ಹಿಂದೆ ರಾಲಿ ಎಂಬ ಊರಿನ ಒಂದು ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಇಂಥದೇ ಹೊಗೆಯ ನಡುವೆ ಕೂತು ನಾನು ಈ ದೇಶದ ಒಂದು ದೊಡ್ಡ ಗುಟ್ಟನ್ನು ಕೇಳಿಸಿಕೊಂಡಿದ್ದೆ. ಆಗ ಒಂದಕ್ಷರವೂ ಅರ್ಥವಾಗಲಿಲ್ಲ. ಅರ್ಥವಾಗುವುದಿಲ್ಲ ಎಂದು ಗೊತ್ತಿದ್ದೇ ನನಗೆ ಹೇಳಿದ್ದರು.

ಆ ಮನೆ ಈಗಿಲ್ಲ, ಅದಿದ್ದ ಜಾಗದಲ್ಲಿ ಒಂದೇ ಅಚ್ಚಿನ ನಾಲ್ಕು ಟೌನ್‌ಹೋಮುಗಳು ಎದ್ದಿವೆ. ಬಾಲ್ಯದ ಮನೆ ಕಳೆದುಕೊಂಡವರಿಗೆ ಗೊತ್ತು, ಅಂಥ ಜಾಗಕ್ಕೆ ಹೋದಾಗ ಮೊದಲು ಕಾಲು ಹಳೆಯ ಮೆಟ್ಟಿಲನ್ನು ಹುಡುಕುತ್ತದೆ. ಇಟ್ಟಿಗೆಯ ಹಳೆಯ ಮನೆ ಅದು, ಮುಂದೆ ಎರಡು ಮ್ಯಾಗ್ನೋಲಿಯಾ ಮರ. ನಡುವೆ ಹಲಗೆಯ ಗೋಡೆ ಎಬ್ಬಿಸಿ ಎರಡು ಭಾಗ ಮಾಡಿದ್ದರು. ಮುಂದಿನ ಭಾಗದಲ್ಲಿ ಮನೆಯ ಯಜಮಾನರಾದ ಲಾಯ್ಡ್ ತಾತ ಮತ್ತು ಅವರ ಹೆಂಡತಿ ವಿವಿಯನ್ ಆಂಟಿ, ಹಿಂದಿನ ಭಾಗದಲ್ಲಿ ಬಾಡಿಗೆಗೆ ನಾವು. ಅಪ್ಪ ಯೂನಿವರ್ಸಿಟಿಯ ಬೀಜದ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದರು. ಮೈಸೂರಿನಿಂದ ಬಂದಿಳಿದಾಗ ನನಗೆ ಐದು ವರ್ಷ, ಬರುತ್ತಿದ್ದ ಇಂಗ್ಲಿಷೆಂದರೆ ಥ್ಯಾಂಕ್ಯೂ ಒಂದೇ. ಕನ್ನಡದಲ್ಲಾದರೆ ನನ್ನ ಬಾಯಿಗೆ ಬೀಗವೇ ಇರಲಿಲ್ಲ. ಅಂಕಲ್ ಅನ್ನು ಎಂದು ಅಮ್ಮ ಎಷ್ಟು ತಿದ್ದಿದರೂ ಬಿಳಿ ಹುಬ್ಬಿನ ಆ ಮನುಷ್ಯ ನನಗೆ ತಾತನೇ. ವಿವಿಯನ್ ಮಾತ್ರ ಆಂಟಿಯಾಗಿ ಉಳಿದರು, ಯಾಕೆಂದರೆ ತುಟಿಗೆ ಬಣ್ಣ ಹಚ್ಚುವ ಅಜ್ಜಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಲಗೆಯ ಗೋಡೆ ಮಾತನ್ನು ತಡೆಯುತ್ತಿತ್ತೇ ಹೊರತು ವಾಸನೆಯನ್ನು ತಡೆಯುತ್ತಿರಲಿಲ್ಲ. ಬೆಳಿಗ್ಗೆ ಅವರ ಕಡೆಯಿಂದ ಬೆಣ್ಣೆ ಹಚ್ಚಿದ, ಬನ್ನಿನಂಥ ಬಿಸಿ ಬಿಸ್ಕೆಟ್ಟಿನ ಘಮ ಬರುತ್ತಿತ್ತು, ನಮ್ಮ ಕಡೆಯಿಂದ ಇಂಗಿನ ಒಗ್ಗರಣೆ ಅತ್ತ ಹೋಗುತ್ತಿತ್ತು. ಯಾರೂ ದೂರಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಇವತ್ತು ಏನು ಮಾಡಿದೆ ಎಂದು ಗಂಡ ಹೆಂಡತಿಯನ್ನಾಗಲಿ, ಹೆಂಡತಿ ಗಂಡನನ್ನಾಗಲಿ ಕೇಳುತ್ತಿರಲಿಲ್ಲ. ಊಟಕ್ಕೆ ಕೂತರೆ ಹವಾಮಾನ, ಬೇಸ್‌ಬಾಲು, ಟೊಮೇಟೊ ಗಿಡಕ್ಕೆ ಬಂದ ಹುಳ, ಇಷ್ಟೇ. ತಾತ ಬೆಳಗಿನಿಂದ ಸಂಜೆಯವರೆಗೆ ಶೆಡ್ಡಿನಲ್ಲಿ ಹಳೆಯ ರೇಡಿಯೋಗಳನ್ನು ಬಿಚ್ಚಿ ಜೋಡಿಸುತ್ತಿದ್ದರೂ ಯಾವ ರೇಡಿಯೋ, ಯಾರದು ಎಂದು ಆಂಟಿ ಒಮ್ಮೆಯೂ ಕೇಳಿದವರಲ್ಲ. ನಮ್ಮ ಅಮ್ಮನಿಗೆ ಇದು ಜೀರ್ಣವಾಗುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೂ ತಿಂಡಿ ಆಯ್ತಾ, ಏನು ತಿಂಡಿ, ಯಾರು ಮಾಡಿದ್ದು ಎಂದು ಕೇಳುವ ಹೆಂಗಸು ಅವಳು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇವ್ರದ್ದು ನೋಡಿದ್ರೆ ಉಣ್ಣೋದೂ ಸೈಲೆಂಟು, ಮಲಗೋದೂ ಸೈಲೆಂಟು," ಎಂದು ಅಪ್ಪನ ಹತ್ತಿರ ಗೊಣಗುತ್ತಿದ್ದಳು. ಅವರಿಬ್ಬರಿಗೂ ಪ್ರೀತಿಯೇ ಇಲ್ಲ ಎಂಬುದು ಅವಳ ತೀರ್ಮಾನ. ತಾತ ದಿನವೂ ಆಂಟಿಯ ಕನ್ನಡಕವನ್ನು ತಮ್ಮ ಅಂಗಿಯ ಚುಂಗಿನಿಂದ ಒರೆಸಿ ಅವರ ಮೂಗಿನ ಮೇಲೆ ಕೂರಿಸುತ್ತಿದ್ದದ್ದನ್ನು ಅಮ್ಮ ನೋಡಿರಲಿಲ್ಲ, ನಾನು ನೋಡಿದ್ದೆ.

ಕಾರಣ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಟ್ಟದಾಚೆಯ ಟೆನೆಸಿಯಲ್ಲಿ ಸುತ್ತ ಬೇಲಿ ಹಾಕಿದ ಒಂದು ಊರಿತ್ತು. ಅಣುಬಾಂಬಿಗೆ ಬೇಕಾದ ಯುರೇನಿಯಂ ಅಲ್ಲಿ ತಯಾರಾಗುತ್ತಿತ್ತು. ಕೆಲಸ ಮಾಡುವ ಸಾವಿರಾರು ಜನರಿಗೆ ತಾವು ಮಾಡುತ್ತಿರುವುದು ಏನೆಂದು ಗೊತ್ತಿರಲಿಲ್ಲ. ಪ್ರತಿಯೊಬ್ಬರಿಗೂ ತಮ್ಮ ತುಣುಕಿನಷ್ಟೇ ಗೊತ್ತು, ಅದನ್ನೂ ಪಕ್ಕದವರಿಗೆ ಹೇಳಬಾರದು, ಪಕ್ಕದವರನ್ನು ಕೇಳಲೂಬಾರದು. ಹಾಗೆಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಇಪ್ಪತ್ತರ ಸೈನಿಕ ಲಾಯ್ಡ್ ಮತ್ತು ಹತ್ತೊಂಬತ್ತರ ವಿವಿಯನ್ ಅಲ್ಲಿನ ಡಾನ್ಸ್ ಹಾಲ್‌ನಲ್ಲಿ ಭೇಟಿಯಾದರು. ತಾತ ಲೈಟು ರಿಪೇರಿ ಮಾಡುತ್ತೇನೆ ಅಂದರು, ಆಂಟಿ ಟೈಪ್ ಮಾಡುತ್ತೇನೆ ಅಂದರು. ಬಾಂಬು ಬಿದ್ದು ಜಪಾನಿನ ಎರಡು ಊರು ಉರಿದು ಬೂದಿಯಾದಾಗ ಬೇಲಿಯೊಳಗಿನವರಿಗೆ ತಮ್ಮ ಕೆಲಸವೇನೆಂದು ಪತ್ರಿಕೆ ಓದಿಯೇ ತಿಳಿಯಿತು. ಮದುವೆಯಾಗಿ ಐವತ್ತು ವರ್ಷ ಕಳೆದರೂ ಇಬ್ಬರೂ ಆ ಮೊದಲ ಮಾತನ್ನು ಬದಲಿಸಲಿಲ್ಲ. ಆ ಊರಿನ ಗುಟ್ಟೆಲ್ಲ ಪುಸ್ತಕಗಳಲ್ಲಿ ಬಂದಾಗಿತ್ತು, ಮ್ಯೂಸಿಯಂನಲ್ಲೂ ಇಟ್ಟಿದ್ದರು. ಆದರೆ ಇನ್ನು ಹೇಳಬಹುದು ಎಂದು ಇವರ ಮನೆಬಾಗಿಲಿಗೆ ಬಂದು ಯಾರೂ ಹೇಳಿರಲಿಲ್ಲವಲ್ಲ, ಹಾಗಾಗಿ ಇಬ್ಬರೂ ಸಹಿಗೆ ನಿಯತ್ತಾಗಿದ್ದರು.

ಅಷ್ಟು ವರ್ಷ ಕಟ್ಟಿಕೊಂಡದ್ದು ಎಲ್ಲಾದರೂ ಒಡೆಯಬೇಕಲ್ಲ? ಆಗ ಸಿಕ್ಕವಳು ನಾನು, ಇಂಗ್ಲಿಷ್ ಬಾರದ ಐದು ವರ್ಷದ ಮೈಸೂರಿನ ಹುಡುಗಿ. ಶೆಡ್ಡಿನಲ್ಲಿ ತಾತ ನನ್ನನ್ನು ಬಣ್ಣದ ಡಬ್ಬಿಯ ಮೇಲೆ ಕೂರಿಸಿ, ಬೆಸುಗೆ ಹಾಕುತ್ತಾ, ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಮೊದಮೊದಲು ರೇಡಿಯೋದ ಬಗ್ಗೆಯೇ ಇರಬೇಕು. ಆಮೇಲೆ ಬೇರೆ ಏನೋ. ಒಂದು ಹಳೆಯ ಮೀಟರಿನ ಮುಳ್ಳನ್ನು ತೋರಿಸಿ ಅದು ನಡುವೆಯೇ ನಿಲ್ಲಬೇಕು ಎಂದು ಬೆರಳಿನಿಂದ ಹೇಳುತ್ತಿದ್ದರು. ಬಳಿಕ ಮೈ ಕುಗ್ಗಿಸಿ, ಇಕ್ಕಟ್ಟಾದ ಸಂದಿಯಲ್ಲಿ ತೂರಿದವರಂತೆ ಅಡ್ಡಡ್ಡ ಸರಿದು, ಕಾಣದ ಒಂದು ಪೆಟ್ಟಿಗೆಯ ಬೆನ್ನನ್ನು ಬಿಚ್ಚುತ್ತಿದ್ದರು. ಬಿಚ್ಚಿ, ಸುಟ್ಟದ್ದನ್ನು ತೆಗೆದು, ಹೊಸದನ್ನು ಸಿಕ್ಕಿಸಿ, ತುಟಿಯ ಮೇಲೆ ಬೆರಳಿಡುತ್ತಿದ್ದರು. ನಾನೂ ಇಡುತ್ತಿದ್ದೆ. ಕೆಲವು ದಿನ ಅದಾದ ಮೇಲೆ ಅವರು ಬಹಳ ಹೊತ್ತು ಮಾತಾಡುತ್ತಿದ್ದರು, ಕಣ್ಣು ಒರೆಸಿಕೊಂಡು, ಹೊಗೆಯಿಂದ ಎಂಬಂತೆ ಬೆಸುಗೆ ಕಡ್ಡಿಯ ಕಡೆ ಕೈ ತೋರಿಸುತ್ತಿದ್ದರು. ಆದರೆ ಆ ದಿನಗಳಲ್ಲಿ ಬೆಸುಗೆ ಕಡ್ಡಿ ತಣ್ಣಗೇ ಇರುತ್ತಿತ್ತು, ಮಕ್ಕಳಿಗೆ ಇಂಥದ್ದೆಲ್ಲ ಗೊತ್ತಾಗುತ್ತದೆ.

ಆಂಟಿಯದು ಅಡುಗೆಮನೆ. ಅವರೆಯಂಥ ಬಟರ್ ಬೀನ್ಸ್ ಸುಲಿಯಲು ಕೂತರೆ ಸಿಪ್ಪೆಯ ಹಸಿ ವಾಸನೆ ಅವರ ಪೌಡರಿನ ವಾಸನೆಯೊಂದಿಗೆ ಸೇರಿಕೊಂಡು ನನಗೆ ನಿದ್ದೆ ಬರುತ್ತಿತ್ತು. ಅವರು ನನಗೊಂದು ಆಟ ಕಲಿಸಿದ್ದರು. ಎಡಗೈಯ ತೋರುಬೆರಳು ನೆಟ್ಟಗೆ ನಿಂತ ಮುಳ್ಳು, ಬಲಗೈಯಲ್ಲಿ ಕಾಣದ ಒಂದು ತಿರುಪು. ಮುಳ್ಳು ಬಲಕ್ಕೆ ವಾಲಿದರೆ ತಿರುಪನ್ನು ಕೂದಲೆಳೆಯಷ್ಟು ಎಡಕ್ಕೆ, ಎಡಕ್ಕೆ ವಾಲಿದರೆ ಬಲಕ್ಕೆ. ಬೆನ್ನು ನೆಟ್ಟಗಿರಬೇಕು, ಕಣ್ಣು ಕದಲಬಾರದು, ಪಕ್ಕಕ್ಕೆ ತಿರುಗಿ ನೋಡಿದರೆ ಔಟ್. ಆಟ ಶುರುವಾದಾಗ ಅವರು ಹುಡುಗಿಯಂತೆ ನಗುತ್ತಿದ್ದರು. ಒಂದು ದಿನ ಆಟದ ನಡುವೆಯೇ ಅವರ ಬೆರಳು ಮಡಿಚಿಕೊಂಡಿತು. ಏಪ್ರನ್ನಿನಲ್ಲಿ ಮುಖ ಮುಚ್ಚಿ ಅತ್ತರು. ನಾನು ಅವರ ಮೊಣಕಾಲು ಹಿಡಿದುಕೊಂಡು ನಿಂತೆ. ಅತ್ತು ಮುಗಿದ ಮೇಲೆ ಅವರೂ ತುಟಿಯ ಮೇಲೆ ಬೆರಳಿಟ್ಟರು.

ನನಗೇನು, ಇಬ್ಬರೂ ಒಂದೇ ಆಟ ಆಡುತ್ತಿದ್ದಾರೆ ಎಂದು ಗೊತ್ತಾಗಿಬಿಟ್ಟಿತ್ತು. ತಾತನ ಹತ್ತಿರ ಹೋಗಿ, ಆಂಟಿಯೂ ಇದನ್ನೇ ಆಡ್ತಾರೆ ಎಂದು ಹೇಳಿದೆ. ಆಂಟಿಯ ಹತ್ತಿರ ಹೋಗಿ, ತಾತನಿಗೂ ಮುಳ್ಳಿನ ಆಟ ಬರತ್ತೆ, ಅವರೂ ಅಳ್ತಾರೆ ಎಂದು ಹೇಳಿದೆ. ಒಂದು ಸಲವಲ್ಲ, ಹತ್ತಾರು ಸಲ ಹೇಳಿದೆ. ಹೇಳಿದ್ದೆಲ್ಲ ಕನ್ನಡದಲ್ಲಿ. ಇಬ್ಬರೂ ನಗುತ್ತಾ ತಲೆಯಾಡಿಸಿ ನನಗೆ ಬಿಸ್ಕೆಟ್ ಕೊಟ್ಟರು.

ಆರು ತಿಂಗಳಲ್ಲಿ ಕಿಂಡರ್‌ಗಾರ್ಟನ್ ನನ್ನನ್ನು ಕೆಡಿಸಿತು. ಅಲ್ಲಿ ಗೋಡೆಯ ಮೇಲೆ ದುಂಡು ಮುಖಗಳ ಒಂದು ಪಟವಿತ್ತು. ನಗುವ ಮುಖ ಹ್ಯಾಪಿ, ತುಟಿ ಇಳಿದದ್ದು ಸ್ಯಾಡ್. ಒಂದು ಮಧ್ಯಾಹ್ನ ತಾತ ಕಾಣದ ಆ ಸಂದಿಯಿಂದ ಹೊರಬಂದು ಕಣ್ಣು ಒರೆಸಿಕೊಳ್ಳುವಾಗ ನಾನು ಬಲು ಜಂಬದಿಂದ ನನ್ನ ಬಾಳಿನ ಮೊದಲ ಇಡೀ ಇಂಗ್ಲಿಷ್ ವಾಕ್ಯ ಹೇಳಿದೆ: "ವೈ ಆರ್ ಯೂ ಸ್ಯಾಡ್?" ತಾತ ನನ್ನನ್ನು ದಿಟ್ಟಿಸಿ ನೋಡಿದರು. ಭಲೇ ಎಂದು ಬೆನ್ನು ತಟ್ಟಿದರು. ಮೀಟರನ್ನು ಎತ್ತಿ ಮೇಲಿನ ಹಲಗೆಗೆ ಇಟ್ಟರು. ಆಮೇಲೆ ಶೆಡ್ಡಿನಲ್ಲಿ ಬೇಸ್‌ಬಾಲಿನ ಮಾತು ಬಿಟ್ಟು ಬೇರೆ ಮಾತು ಬರಲಿಲ್ಲ. ಅದೇ ವಾರ ಆಂಟಿಯೂ ಆಟ ನಿಲ್ಲಿಸಿದರು. ಇನ್ನು ಕೆಲವು ತಿಂಗಳಲ್ಲಿ ನನಗೆ ಅವರಿಬ್ಬರಿಗೂ ಇಂಗ್ಲಿಷಿನಲ್ಲಿ ವಿಷಯ ಮುಟ್ಟಿಸುವಷ್ಟು ಭಾಷೆ ಬಂತು, ಆದರೆ ಅಷ್ಟರಲ್ಲಿ ಹೊಸ ಗೆಳತಿಯರ ಗುಂಗಿನಲ್ಲಿ ನಾನು ಮುಳ್ಳಿನ ಆಟವನ್ನೇ ಮರೆತೆ. ಎರಡು ವರ್ಷದ ಬಳಿಕ ಅಪ್ಪನಿಗೆ ಬೇರೆ ಕಡೆ ಕೆಲಸವಾಗಿ ನಾವು ಹೊರಟೆವು. ಅದರ ಮರು ಚಳಿಗಾಲದಲ್ಲಿ ವಿವಿಯನ್ ಆಂಟಿ ತೀರಿಕೊಂಡರು ಎಂದು ಕಾರ್ಡು ಬಂತು. ಈ ಮರೆವಿಗೆ ನಾನು ನನ್ನನ್ನು ಇನ್ನೂ ಕ್ಷಮಿಸಿಕೊಂಡಿಲ್ಲ.

ಕೋವಿಡ್ ಇಳಿದು ವೃದ್ಧಾಶ್ರಮಗಳ ಬಾಗಿಲು ತೆರೆದ ವರ್ಷ ಮೇರಿಲ್ಯಾಂಡಿನಿಂದ ಲಾಯ್ಡ್ ತಾತನ ಮಗಳು ಮಾರ್ಗರೆಟ್ ಫೋನ್ ಮಾಡಿದರು. ಅವರಿಗೇ ಎಪ್ಪತ್ತು ದಾಟಿತ್ತು. ತಮ್ಮ ಅಪ್ಪನಿಗೆ ತೊಂಬತ್ತೇಳು, ಆ ಬೇಲಿಯ ಊರಲ್ಲಿ ದುಡಿದವರ ಕಥೆಗಳನ್ನು ರೆಕಾರ್ಡ್ ಮಾಡಿಕೊಳ್ಳುವವರು ಬಂದು ಕೇಳಿದರೆ ಅಪ್ಪ ತುಟಿ ಬಿಚ್ಚುತ್ತಿಲ್ಲ ಎಂದರು. ಹೇಳಬೇಕಾದದ್ದನ್ನು ಹಿತ್ತಲ ಮನೆಯ ಹುಡುಗಿಗೆ ಹೇಳಿಯಾಗಿದೆ ಎಂದಷ್ಟೇ ಅಂದರಂತೆ. ಮಾರ್ಗರೆಟ್ಟಿಗೆ ಬೇಕಾದದ್ದು ಇಷ್ಟು. ತಮ್ಮ ಅಪ್ಪ ಅಮ್ಮ ಅಲ್ಲಿ ನಿಜವಾಗಿ ಏನು ಮಾಡಿದರು? ಅದರಿಂದ ಅವರಿಗೆ ನೋವಾಗಿತ್ತೇ? ಅಪ್ಪ ಹೋದರೆ ಇನ್ನು ಕೇಳಲು ಯಾರೂ ಇಲ್ಲ. ನನಗೆ ಒಂದು ಮಾತೂ ಅರ್ಥವಾಗಿರಲಿಲ್ಲ ಎಂದು ಹೇಳಲು ನಾಚಿಕೆಯಾಯಿತು. ನಮ್ಮ ಅಮ್ಮನಿಗೆ ಫೋನ್ ಮಾಡಿ ಹೇಳಿದರೆ, "ಮಾತು ನೆನಪಿಲ್ದಿದ್ರೆ ಏನೇ? ನೋಡಿದ್ದು ನೆನಪಿದ್ಯಲ್ಲ. ಡ್ರೈವ್ ಮಾಡ್ಕೊಂಡು ಹೋಗ್ಬಿಟ್ಟು ಬಾ, ಲೇಟ್ ಮಾಡ್ಬೇಡ," ಎಂದಳು.

ರಾಲಿಯ ವೃದ್ಧಾಶ್ರಮದ ಕೋಣೆಯಲ್ಲಿ ಮಾರ್ಗರೆಟ್ ಕ್ಯಾಮೆರಾ ನಿಲ್ಲಿಸಿಕೊಂಡಿದ್ದರು. ತಾತ ಕುರ್ಚಿಯಲ್ಲಿ ಮಡಿಸಿಟ್ಟ ಬಟ್ಟೆಯಷ್ಟು ಸಣ್ಣಗಾಗಿದ್ದರು, ಹುಬ್ಬು ಮಾತ್ರ ಹಾಗೇ ಇತ್ತು. ನನ್ನ ಗುರುತು ಹಿಡಿದು ಕೈ ಬಿಡದೆ ಕೂತರು. ಏನು ಕೇಳುವುದೋ ತಿಳಿಯದೆ ನಾನು ಎಡಗೈಯ ಬೆರಳನ್ನು ನೆಟ್ಟಗೆ ಎತ್ತಿ, ಬಲಗೈಯಲ್ಲಿ ಕಾಣದ ತಿರುಪನ್ನು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದೆ. ತಾತನ ಮುಖ ಬದಲಾಯಿತು.

"ಇದನ್ನ ನಾನು ನಿನಗೆ ತೋರಿಸಿಲ್ಲ," ಎಂದರು. "ನಂದು ಮೀಟರ್ ಪ್ಯಾನೆಲ್‌ಗಳ ಹಿಂದಿನ ಕೆಲಸ. ಮುಂದೆ ಸ್ಟೂಲಿನ ಮೇಲೆ ಕೂತು ಮುಳ್ಳು ಹಿಡೀತಿದ್ದೋರು ಹುಡುಗೀರು. ಅವರ ಮುಖ ನಮಗೆ ಕಾಣ್ತಿರಲಿಲ್ಲ. ಇದನ್ನ ಯಾರು ಹೇಳಿಕೊಟ್ರು?"

ವಿವಿಯನ್ ಆಂಟಿ ಎಂದೆ.

ಅವರು ಕಿಟಕಿಯ ಕಡೆ ತಿರುಗಿದರು. ನರ್ಸ್ ಬಂದು ನೀರಿಟ್ಟು ಹೋದಳು. ಆಮೇಲೆ, ಅದನ್ನು ತೋರಿಸುವಾಗ ಅವಳು ಹೇಗಿದ್ದಳು ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಮೊದಲು ನಗುತ್ತಿದ್ದರು, ಕೊನೆಗೆ ಏಪ್ರನ್ನಿನಲ್ಲಿ ಮುಖ ಮುಚ್ಚಿ ಅತ್ತರು ಎಂದೆ.

"ನಾನು ಮಾಡಿದ್ದು ಗೊತ್ತಾದ್ರೆ ಅವಳು ನನ್ನ ಕೈ ಮುಟ್ಟಲ್ಲ ಅಂದ್ಕೊಂಡಿದ್ದೆ," ಎಂದರು ತಾತ. "ಒಂದೇ ಮನೇಲಿ ಐವತ್ತು ವರ್ಷ. ಅವಳು ಅಡುಗೆಮನೇಲಿ ಅತ್ತಳು, ನಾನು ಶೆಡ್ಡಲ್ಲಿ ಅತ್ತೆ."

ಮಾರ್ಗರೆಟ್ ಎದ್ದು ಹೋಗಿ ಕ್ಯಾಮೆರಾವನ್ನು ತಾವೇ ಆಫ್ ಮಾಡಿದರು. ಅವರು ಇಷ್ಟು ದಿನ ಕಾದಿದ್ದ ಉತ್ತರ ಸಿಕ್ಕಿತ್ತು. ಅಪ್ಪನ ಪಾದದ ಬಳಿ ನೆಲದ ಮೇಲೆ ಕೂತು, ಎಪ್ಪತ್ತು ದಾಟಿದ ಆ ಹೆಂಗಸು ಮಗುವಿನಂತೆ ಅವರ ಮೊಣಕಾಲಿಗೆ ಹಣೆ ಒತ್ತಿಕೊಂಡರು. ನಾನು ಹೊರಗೆ ಕಾರಿಡಾರಿಗೆ ಬಂದು ಮಾಸ್ಕಿನೊಳಗೇ ಅತ್ತೆ. ಬೇಲಿಯ ಊರಿನವರ ಆ ಕಥೆಗಳ ಸಂಗ್ರಹದಲ್ಲಿ ಲಾಯ್ಡ್ ತಾತನ ಕಥೆ ಇಲ್ಲ, ಇರುವುದೂ ಇಲ್ಲ. ಮುಂದಿನ ವಸಂತಕ್ಕೆ ಅವರೂ ಹೋದರು.

ಕ್ಯಾಮೆರಾ ಆಫ್ ಮಾಡಿದ ಆ ದಿನ ಮಧ್ಯಾಹ್ನ ಮಾತ್ರ ಅವರು ಒಂದೇ ಹಟ ಹಿಡಿದರು, ವಿವಿಯನ್‌ಳ ಸಮಾಧಿಗೆ ಕರೆದುಕೊಂಡು ಹೋಗಿ ಎಂದು. ನಾನೇ ಡ್ರೈವ್ ಮಾಡಿದೆ. ಗಾಲಿಕುರ್ಚಿಯನ್ನು ಹುಲ್ಲಿನ ಮೇಲೆ ತಳ್ಳಿಕೊಂಡು ಹೋಗಿ ಕಲ್ಲಿನ ಎದುರು ನಿಲ್ಲಿಸಿ, ಬ್ರೇಕ್ ಹಾಕಿ, ಹೊದಿಕೆ ಸರಿ ಮಾಡಿ, ನಾನೂ ಮಾರ್ಗರೆಟ್ಟೂ ಹತ್ತು ಹೆಜ್ಜೆ ಹಿಂದೆ ಸರಿದೆವು. ತಾತ ಕತ್ತು ತಿರುಗಿಸಿ ನೋಡಿ, ಇನ್ನೂ ದೂರ ಹೋಗಿ ಎಂದು ಕೈ ಬೀಸಿದರು. ನಾವು ಕಾರಿನವರೆಗೂ ಹೋದೆವು. ಅಲ್ಲಿಂದ ನೋಡಿದರೆ ಅವರ ತಲೆ ಆಡುತ್ತಿದ್ದದ್ದು ಕಾಣುತ್ತಿತ್ತು. ಬಿಸಿಲು ಇಳಿಯುವವರೆಗೂ ಅವರು ಹೆಂಡತಿಗೆ ಹೇಳುತ್ತಲೇ ಇದ್ದರು.