ಬಚ್ಚಲೊಲೆಗೆ ಸಿಗದ ಹಾಳೆ

ಕರೆಂಟು ಬಂದೊಡನೆ ಮೇಣದಬತ್ತಿಯನ್ನು ಆರಿಸುತ್ತೇವಲ್ಲ, ಆಗ ಒಂದೆಳೆ ಹೊಗೆಯ ಜೊತೆಗೆ ಕಮಟಾದ ಜಿಡ್ಡಿನ ವಾಸನೆ ಏಳುತ್ತದೆ. ಮನೆಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದರೆ ತೆರಕಣಾಂಬಿಯ ನಮ್ಮ ಮನೆಯ ಪಡಸಾಲೆ, ಕಂಬಕ್ಕೊರಗಿ ಕೂತ ಅಜ್ಜಿ, ಅವಳ ಬಾಯೆದುರು ಬತ್ತಿ ಹಿಡಿದ ಮೇಷ್ಟ್ರು, ಬಾಗಿಲ ಸಂದಿಯಿಂದ ಇಣುಕುವ ತಾತ, ಎಲ್ಲರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಗೊಬ್ಬರದ ಅಂಗಡಿ ಇದೆ, ಬಾಗಿಲು ಕೂಡ ಬೀದಿಯ ಇನ್ನೊಂದು ದಿಕ್ಕಿಗೆ ತಿರುಗಿದೆ.

ನಮ್ಮದು ಅನುಮಾನದ ಮನೆ. ಬಾವಿ ಹೊಲಕ್ಕಾಗಿ ದಾಯಾದಿಗಳ ಜೊತೆ ಚಾಮರಾಜನಗರದ ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿತ್ತು. ಹಾಗಾಗಿ ತಾತನಿಗೆ ಯಾರನ್ನು ಕಂಡರೂ ಅವರು ದಾಯಾದಿಗಳ ಕಡೆಯವರೇ. ಬಳೆಗಾರ ಜಗುಲಿಯಲ್ಲಿ ಎರಡು ಗಳಿಗೆ ಹೆಚ್ಚು ಕೂತರೆ ಸಾಕು, 'ಇವ ಏನ ಕೇಳಕ ಬಂದವ್ನ?' ಎಂದು ಒಳಗೆ ಬಂದು ವಿಚಾರಿಸುತ್ತಿದ್ದರು. ನಾನು ಹುಟ್ಟಿದ ವರ್ಷವೇ ಅವ್ವ ತೀರಿಕೊಂಡಿದ್ದಳು. ನನ್ನನ್ನು ಸಾಕಿದವಳು ಅಜ್ಜಿ. ಅವ್ವನ ಎದೆಹಾಲು ನನಗೆ ಸಿಗಲಿಲ್ಲ, ಆದರೆ ಅಜ್ಜಿಯ ಮಾತು ಹೊಟ್ಟೆ ತುಂಬ ಸಿಕ್ಕಿತು. ತಾತನ ಅನುಮಾನವೂ ಅಷ್ಟೇ ಸಿಕ್ಕಿತೆಂಬುದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಐವತ್ತರ ದಶಕದ ಒಂದು ಬೇಸಿಗೆಯಲ್ಲಿ ಮೈಸೂರಿನ ಕಡೆಯಿಂದ ಒಬ್ಬ ಮೇಷ್ಟ್ರು ಬಂದು ಮಠದ ಜಗುಲಿಯಲ್ಲಿ ಬಿಡಾರ ಹೂಡಿದರು. ಹಳ್ಳಿಯವರು ಆಡುವ ಮಾತನ್ನು ಆಡಿದ ಹಾಗೇ ಬರೆದುಕೊಳ್ಳುವುದು ಅವರ ಕೆಲಸ. ಮಕ್ಕಳು, ಮುದುಕರು ಎನ್ನದೆ ಎಲ್ಲರ ಬಾಯಿ ತೆರೆಸಿ, ನಾಲಿಗೆ ಎಲ್ಲಿ ತಾಗುತ್ತದೆಂದು ಕೈಗನ್ನಡಿ ಹಿಡಿದು ನೋಡುತ್ತಿದ್ದರು. ವಾರದೊಳಗೆ ಊರು ಅವರಿಗೆ 'ಬಾಯಿ ಮೇಷ್ಟ್ರು' ಎಂದು ಹೆಸರಿಟ್ಟಿತು. ಅಜ್ಜಿ ಮಜ್ಜಿಗೆ ಕೊಟ್ಟು ಮಾತಾಡಿಸಿದ್ದೇ ತಡ, ಅವರು ನಮ್ಮ ಪಡಸಾಲೆಯನ್ನು ಬಿಟ್ಟು ಕದಲಲಿಲ್ಲ. 'ಹಾಲು' ಎನ್ನಿ ಎಂದರೆ ಅಜ್ಜಿ 'ಆಲು' ಎನ್ನುವಳು. ಹಕಾರದ ಉಸಿರು ಬೀಳದೆ, ಅವರು ಬಾಯೆದುರು ಹಿಡಿದ ಮೇಣದಬತ್ತಿಯ ಕುಡಿ ಅಲ್ಲಾಡುತ್ತಿರಲಿಲ್ಲ. ಮೇಷ್ಟ್ರು ತಾವೇ 'ಹಾಲು' ಎಂದು ತೋರಿಸಿದರೆ ಕುಡಿ ಕುಣಿಯುತ್ತಿತ್ತು, ಕೆಲವೊಮ್ಮೆ ಆರಿಯೂ ಹೋಗುತ್ತಿತ್ತು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಮೇಷ್ಟ್ರ ಪುಸ್ತಕದಲ್ಲಿದ್ದ ಅಕ್ಷರಗಳು ಕನ್ನಡದವಲ್ಲ, ಶಾಲೆಯ ಇಂಗ್ಲಿಷಿನವೂ ಅಲ್ಲ. ಬಾಯಿಂದ ಬರುವ ಒಂದೊಂದು ದನಿಗೂ ಒಂದೊಂದು ಗುರುತು. ಕೆಲವು ತಲೆಕೆಳಗಾಗಿ ನಿಂತಿದ್ದವು, ಕೆಲವಕ್ಕೆ ಬಾಲ. ನಾಲಿಗೆ ಹಿಂದಕ್ಕೆ ಮಡಚಿ ಆಡುವ ಟ, ಡ, ಣಗಳಿಗೆ ಆ ಬಾಲ, ಎಳೆದು ಹೇಳಿದ್ದಕ್ಕೆ ಪಕ್ಕದಲ್ಲಿ ಎರಡು ಚುಕ್ಕೆ. ನನ್ನ ಕಣ್ಣು ಅಲ್ಲೇ ನೆಟ್ಟಿದ್ದನ್ನು ಕಂಡು ಅವರೇ ಕಲಿಸಿಕೊಟ್ಟರು. ಶಾಲೆಯ ಚಾಳಿಯಲ್ಲಿ ನಾನು ಅಜ್ಜಿಯ 'ಓಗು'ವನ್ನು 'ಹೋಗು' ಎಂದು ಬರೆದೆ. ಅವರು ಪೆನ್ಸಿಲು ಹಿಡಿದ ನನ್ನ ಕೈಯನ್ನು ಮೆಲ್ಲಗೆ ತಡೆದರು.

"ತಿದ್ದಬೇಡ ಮಗು. ಅಜ್ಜಿ ಹೇಗಂದ್ರೋ ಹಾಗೇ ಬರಿ. ನಾಳೆ ಇದನ್ನ ಯಾರು ಓದಿದ್ರೂ ಅವರ ಬಾಯಲ್ಲಿ ನಿಮ್ಮಜ್ಜಿನೇ ಮಾತಾಡಬೇಕು."

ಆಮೇಲೆ ನನಗೆ ಅದೇ ಹುಚ್ಚು ಹಿಡಿಯಿತು. ಅಜ್ಜಿ ಕರುವನ್ನು ಬೈದದ್ದು, ಒಲೆಯ ಹೊಗೆಯನ್ನು ಬೈದದ್ದು, ನನ್ನ ತಲೆ ಬಾಚುತ್ತ ಹೇನನ್ನು ಬೈದದ್ದು, ಎಲ್ಲವನ್ನೂ ನನ್ನದೇ ಒಂದು ಪುಸ್ತಕದಲ್ಲಿ ಆ ಗುರುತುಗಳಲ್ಲೇ ಬರೆದೆ. ಬೈಗುಳದಲ್ಲೂ ಎಂಥ ಸಕ್ಕರೆಯಿತ್ತು ಎಂಬುದು ಬರೆಯುವಾಗಲೇ ತಿಳಿದದ್ದು. ಮೇಷ್ಟ್ರೂ ತಮ್ಮ ಪುಸ್ತಕದಲ್ಲಿ ಅದನ್ನೇ ಬರೆದುಕೊಳ್ಳುತ್ತಿದ್ದರು. ತಾತ ಮಾತ್ರ ಬಾಗಿಲ ಸಂದಿ ಬಿಟ್ಟು ಅಲುಗಲಿಲ್ಲ.

ನಮ್ಮಲ್ಲಿ ಉರಿಯುವ ದೀಪದ ಮುಂದೆ ಕೂತು ಆಡಿದ ಮಾತೆಂದರೆ ಆಣೆ. ಪಂಚಾಯಿತಿಯಲ್ಲಿ ಮಾತು ಕೆಟ್ಟರೆ ದೀಪ ಹಚ್ಚಿಟ್ಟು 'ಈಗ ನಿಜ ಏಳು' ಎನ್ನುತ್ತಿದ್ದರು. ಅದಾದ ಮೇಲೆ ಕೋರ್ಟೂ ಇಲ್ಲ, ಕಚೇರಿಯೂ ಇಲ್ಲ. ಪರಸ್ಥಳದವನೊಬ್ಬ ದಿನಾ ಅಜ್ಜಿಯ ಬಾಯೆದುರು ಬತ್ತಿ ಹಚ್ಚಿ, ಅವಳು ಅಂದದ್ದನ್ನೆಲ್ಲ ಯಾರಿಗೂ ಓದಲಾಗದ ಅಕ್ಷರದಲ್ಲಿ ಬರೆದುಕೊಂಡರೆ ತಾತ ಏನೆಂದುಕೊಳ್ಳಬೇಕು? ಬಾವಿ ಹೊಲ ದಾಯಾದಿಗಳದೆಂದು ಅವಳಿಂದ ಆಣೆ ಮಾಡಿಸುತ್ತಿದ್ದಾನೆ ಎಂದುಕೊಂಡರು. ಒಂದು ಮಧ್ಯಾಹ್ನ ನೇರ ಬಂದು ಪುಸ್ತಕದ ಮೇಲೆ ಕೈಯಿಟ್ಟರು.

"ಏನ ಬರ್ದಿದ್ದರಿ ಇದ್ರಲ್ಲಿ?"

"ಅಜ್ಜಿ ಆಡಿದ ಮಾತು ಯಜಮಾನ್ರೆ, ಬೇರೇನಿಲ್ಲ."

"ನೀವು ಓದಬ್ಯಾಡಿ." ತಾತ ನನ್ನ ಕಡೆ ಬೆರಳು ಮಾಡಿದರು. "ನಮ್ಮಮ್ಮಿ ಓದ್ಲಿ. ಅವ್ಳು ಸುಳ್ಳೇಳಲ್ಲ."

ನಾನು ನಿಂತುಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವವಳ ಹಾಗೆ, ಒಂದೊಂದೇ ಗುರುತಿಗೆ ನಾಲಿಗೆ ಹೊರಳಿಸುತ್ತ ಓದಿದೆ. "ಬಾ ಕಣಮ್ಮಿ, ಆಲು ಆರೋಯ್ತದ, ಕುಡ್ದುಬುಟ್ಟು ಓಗು, ನಿಮ್ಮವ್ವ ಇದ್ದಿದ್ರ ಕಾಸಿ ಕಾಸಿ ಕೊಡವ್ಳು." ಹೊಲದ ಸುದ್ದಿ ಒಂದಕ್ಷರವೂ ಇರಲಿಲ್ಲ. ತಾತನ ಮುಖ ಸಡಿಲವಾದೀತೆಂದು ನೋಡಿದರೆ ಬಿಳಿಚಿಕೊಂಡಿತ್ತು. ಅಡುಗೆಮನೆಯ ಬಾಗಿಲಿಗೆ ಬಂದ ಅಜ್ಜಿ, "ಅಯ್ಯೋ ಶಿವ್ನೆ, ನಾನೇ ಅಲ್ವಾ ಅದು!" ಎಂದಳು.

"ಅವ್ಳ ದನಿಯ ಇಡ್ದುಬುಟ್ಟಿದ್ದರಿ ನೀವು," ಎಂದರು ತಾತ. "ದನಿಯ ಇಡ್ದವ್ರು ನಾಳ ಅವ್ಳ ಬಾಯಲ್ಲಿ ಏನ ಬೇಕಾದ್ರೂ ಏಳುಸ್ತರ. ಕೊಡಿ ಇತ್ತಗ."

ಮೇಷ್ಟ್ರು ಅಜ್ಜಿಯ ಮಾತಿದ್ದ ಹಾಳೆಗಳನ್ನು ತಾವೇ ಒಂದೊಂದಾಗಿ ಕಿತ್ತು ಕೊಟ್ಟರು. ನನ್ನ ಪುಸ್ತಕವನ್ನೂ ಸೇರಿಸಿ ತಾತ ಎಲ್ಲವನ್ನೂ ಬಚ್ಚಲೊಲೆಗೆ ಹಾಕಿದರು. ಆ ಸಂಜೆಯ ನೀರು ಎಷ್ಟು ಚೆನ್ನಾಗಿ ಕಾದಿತ್ತೆಂದರೆ ಮೈಗೆ ಹುಯ್ದುಕೊಳ್ಳುವಾಗ ನನಗೆ ಅಳು ಬಂತು. ಅಜ್ಜಿ ನನ್ನ ಬೆನ್ನು ಉಜ್ಜುತ್ತ, "ಓಗ್ಲಿ ಬುಡು ಕಣಮ್ಮಿ, ನಾನಿಲ್ವಾ? ನಾನೆಲ್ಲಿಗೋದೆ?" ಎಂದಳು. ಮಾರನೆಯ ದಿನ ಮೇಷ್ಟ್ರು ಗುಂಡ್ಲುಪೇಟೆಯ ಬಸ್ಸು ಹತ್ತಿದರು, ಬತ್ತಿಯ ತುಂಡು ಕಿಟಕಿಯ ಕಟ್ಟೆಯ ಮೇಲೇ ಉಳಿಯಿತು. ನಾನು ತಾತನ ಮುಂದೆ ಓದಿದ ಮಾತನ್ನು ಮೊದಲೇ ಒಂದು ಬಿಡಿ ಹಾಳೆಯಲ್ಲಿ ನಕಲು ಮಾಡಿ ಪಾಠದ ಪುಸ್ತಕದೊಳಗೆ ಇಟ್ಟಿದ್ದೆ. ಅದೊಂದು ತಾತನಿಗೆ ಗೊತ್ತಾಗಲಿಲ್ಲ.

ನಾಲ್ಕು ವರ್ಷದ ಮೇಲೆ ಅಜ್ಜಿ ಹೋದಳು. ಆಗ ನಾನು ಚಾಮರಾಜನಗರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ತಿಥಿ ಕಳೆದು ಎರಡು ತಿಂಗಳಿಗೆ ತಾತ ಹೇಳದೆ ಕೇಳದೆ ಬಸ್ಸಿನಲ್ಲಿ ಬಂದಿಳಿದರು. ಕೈಯಲ್ಲಿ ಅವರೆಕಾಯಿಯ ಗಂಟು. ಅತ್ತೆ ಒಳಗೆ ಹೋಗುವವರೆಗೂ ಕಾದು, ಸಾಕ್ಷಿಯನ್ನು ವಿಚಾರಿಸುವ ವಕೀಲರ ಹಾಗೆ ನನ್ನ ಮುಖವನ್ನೇ ನೋಡುತ್ತ ಕೇಳಿದರು.

"ಆ ಬಾಯಿ ಮೇಷ್ಟ್ರ ಬರವಣಿಗ ಯಾವ್ದಾರ ನಿನ್ ತವು ಉಳ್ಕಂಡಿದ್ದದ?"

ಹಾಳೆ ಅಲ್ಲೇ, ನಾಲ್ಕು ಮಾರು ದೂರದ ನನ್ನ ಟ್ರಂಕಿನಲ್ಲಿತ್ತು. ಉಳಿದದ್ದನ್ನೂ ಸುಡಲು ಬಂದಿದ್ದಾರೆ ಎನಿಸಿತು.

"ಇಲ್ಲ ತಾತ. ಎಲ್ಲ ಸುಟ್ಟೋಯ್ತಲ್ಲ," ಎಂದೆ.

ಅವರು ತಲೆಯಾಡಿಸಿದರು, ಎರಡನೆಯ ಸಲ ಕೇಳಲಿಲ್ಲ. ಬಸ್ಸಿನವರೆಗೆ ಕಳಿಸಿಕೊಡಲು ಹೋದೆ. ಮೆಟ್ಟಿಲಿಗೆ ಕಾಲಿಟ್ಟು, ನನ್ನ ಕಡೆ ತಿರುಗದೆಯೇ, "ಅವ್ಳ ಮಕ ನೆಪ್ಪದ ಕಣಮ್ಮಿ. ದನಿ ಮರ್ತೋಯ್ತಾ ಅದ," ಎಂದರು. ಅದನ್ನೂ ಹಾಳೆ ಹೊರಗೆ ತೆಗೆಸುವ ಹೂಟವೆಂದೇ ತಿಳಿದೆ. ನಾನು ಅವರ ಮೊಮ್ಮಗಳಲ್ಲವೇ? ಬಸ್ಸು ತಿರುವು ದಾಟುವವರೆಗೂ ಬಾಯಿ ಬಿಗಿಹಿಡಿದು ನಿಂತಿದ್ದೆ. ಮುಂದಿನ ರಜೆಗೆ ಊರಿಗೆ ಹೋಗುವಷ್ಟರಲ್ಲಿ ತಾತ ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಆ ಬತ್ತಿಯ ತುಂಡು ಅವರ ದಿಂಬಿನ ಕೆಳಗೆ ಸಿಕ್ಕಿತು.

ನಿಮ್ಮ ಮನೆಯಲ್ಲೂ ಇಂಥದೊಂದು ದನಿ ಇದ್ದಿರಬೇಕು, ಅದು ಹೋದದ್ದು ಯಾವಾಗ ಎಂದು ನಿಮಗೂ ನೆನಪಿರಲಾರದು. ನನ್ನ ಹಾಳೆ ಮಡಿಕೆಯಲ್ಲಿ ಹರಿದಿದೆ, ಪೆನ್ಸಿಲು ಮಾಸಿದೆ. ನಿನ್ನೆ ಕರೆಂಟು ಬಂದು ಬತ್ತಿ ಆರಿಸಿದ ಮೇಲೆ ಅದನ್ನು ತೆಗೆದು ಗಟ್ಟಿಯಾಗಿ ಓದಿದೆ. 'ಬಾ' ಎಂಬುದರ ಮುಂದೆ ಎರಡು ಚುಕ್ಕೆ, ಅದರ ಮುಂದೆ ಮತ್ತೆರಡು. ಅಜ್ಜಿ ಅಷ್ಟು ಎಳೆದು ಕರೆಯುತ್ತಿದ್ದಳು. ನಾನೂ ಅಷ್ಟೇ ಎಳೆದೆ, ಒಂದನ್ನೂ ತಿದ್ದಲಿಲ್ಲ. ಓದಿ ಮುಗಿಸಿ, ಬಾಗಿಲ ಸಂದಿಯ ಕಡೆ ನೋಡಿ, ಇನ್ನೊಂದು ಸಲ ಓದಿದೆ.