ಸಂತೆಬೀದಿಯ ಶಿಲುಬೆಗೆ ಮೂರು ಸುತ್ತು

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಕ್ಕದ ನಮ್ಮ ಸಣ್ಣ ಊರಿನ ಸಂತೆಬೀದಿಯಲ್ಲಿ ಒಂದು ಹಳೆಯ ಕಲ್ಲಿನ ಶಿಲುಬೆಯಿದೆ. ಸುತ್ತ ಐದು ಮೆಟ್ಟಿಲು, ಮೇಲೊಂದು ಕಂಬ. ಶಿಲುಬೆಯ ಕೈಗಳು ಯಾವ ಕಾಲದಲ್ಲೋ ಮುರಿದುಬಿದ್ದಿವೆ. ನಾನು ಅಲ್ಲಿ ಜಿಪಿ, ಅಂದರೆ ಊರಿನ ಡಾಕ್ಟರು. ಏಳು ವರ್ಷ ದಿನವೂ ಅದರ ಪಕ್ಕದಲ್ಲೇ ನನ್ನ ಕ್ಲಿನಿಕ್ಕಿಗೆ ಹೋಗುತ್ತಿದ್ದರೂ ಒಮ್ಮೆಯೂ ನಿಂತು ನೋಡಿದವಳಲ್ಲ.

ಆರು ತಿಂಗಳಿಗೆಂದು ಮೈಸೂರಿನಿಂದ ಬಂದ ಅತ್ತೆ ಮೊದಲ ಶನಿವಾರವೇ ಅದನ್ನು ಗರುಡಗಂಬ ಅಂದುಕೊಂಡರು. ಗುಡಿ ಬಿದ್ದುಹೋಗಿ ಕಂಬವಷ್ಟೇ ಉಳಿದಿದೆ ಎಂದು ಅವರ ಲೆಕ್ಕ. ಕೆಳಗಿನ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು, ಕಾಲುಚೀಲದಲ್ಲೇ ಮೂರು ಸುತ್ತು ಬಂದು ಕೈಮುಗಿದರಂತೆ. ಆಮೇಲೆ ರೋಟಾದಲ್ಲಿ ನನಗೆ ಡ್ಯೂಟಿ ಬಿದ್ದ ಶನಿವಾರಗಳಲ್ಲೆಲ್ಲ ಆರು ವರ್ಷದ ನನ್ನ ಮಗಳೂ ಅವರ ಜೊತೆ ಹೋಗತೊಡಗಿದಳು.

ಒಂದು ಶನಿವಾರ ನನ್ನ ಕೆಲಸ ಬೇಗ ಮುಗಿಯಿತು. ತರಕಾರಿ ಅಂಗಡಿಯ ಹಿಂದಿನಿಂದ ಬರುತ್ತಿದ್ದಾಗ ಮಗಳ ದನಿ ಕೇಳಿಸಿತು, ಕನ್ನಡದಲ್ಲಿ.

"ಅಜ್ಜಿ, ನಿಧಾನ. ಕಲ್ಲು ಜಾರತ್ತೆ. ಇನ್ನೊಂದೇ ಸುತ್ತು."

ಅವಳು ಹುಟ್ಟಿದಂದಿನಿಂದ ನಾನು ಕನ್ನಡದಲ್ಲೇ ಮಾತಾಡಿಸಿ, ಬೇಡಿ, ಗದರಿ ಸೋತಿದ್ದೆ. ನನಗೆ ಅವಳ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲೇ. ಸಂತೋಷಪಡಬೇಕಾಗಿತ್ತು, ಗೊತ್ತು. ನನಗೆ ಹೊಟ್ಟೆ ಉರಿಯಿತು. ಅವರನ್ನು ಕರೆಯದೆ ಮನೆಗೆ ಬಂದೆ.

ಅವತ್ತು ಸಂಜೆ ಬೇಕೆಂದೇ ಮಗಳ ಎದುರಿಗೆ ಹೇಳಿದೆ. "ಅತ್ತೆ, ಅದು ದೇವರ ಕಂಬ ಅಲ್ಲ. ಹಿಂದೆ ಅಲ್ಲಿ ಬೆಣ್ಣೆ, ಮೊಟ್ಟೆ ಮಾರ್ತಿದ್ರು, ಅಷ್ಟೇ."

ಅವರು ಪೆಚ್ಚಾಗಲಿ ಎಂದು ಕಾದೆ. ಅತ್ತೆ ಅವರೆಕಾಯಿ ಬಿಡಿಸುತ್ತಲೇ ಇದ್ದರು. "ಊರಿಗೆಲ್ಲ ಅನ್ನ ಕೊಟ್ಟ ಜಾಗ ಅಂತಾಯ್ತಲ್ಲಮ್ಮ. ಚಪ್ಪಲಿ ಬಿಟ್ರೆ ತಪ್ಪೇನು?" ಮುಂದಿನ ಶನಿವಾರವೂ ಇಬ್ಬರೂ ಹೋದರು.

ಅತ್ತೆ ಮೈಸೂರಿಗೆ ವಾಪಸಾದ ವಾರವೇ ನಾನು ರೋಟಾ ಬದಲಿಸಿಕೊಂಡು ಮಗಳನ್ನು ಸಂತೆಗೆ ಕರೆದೊಯ್ದೆ. ಇನ್ನು ಇವಳು ನನ್ನವಳು ಎಂಬ ಹುಮ್ಮಸ್ಸು. ಕೆಳಗಿನ ಮೆಟ್ಟಿಲಲ್ಲಿ ಶೂ ಬಿಚ್ಚಿಟ್ಟೆ. ಕಲ್ಲಿನ ತಂಪು ಕಾಲುಚೀಲ ದಾಟಿ ಅಂಗಾಲಿಗೆ ಹತ್ತಿತು. ತರಕಾರಿ ಅಂಗಡಿಯವನು ನನ್ನ ಕಾಲನ್ನೇ ನೋಡುತ್ತಿದ್ದ. ನಾನು ಕೈ ಚಾಚಿದೆ.

"ಬಾ ಪುಟ್ಟಿ, ಸುತ್ತೋಣ."

ಅವಳು ನನ್ನ ಕೈ ಹಿಡಿಯಲಿಲ್ಲ. ನನ್ನ ಶೂಗಳನ್ನು ಎತ್ತಿಕೊಂಡು ಬಂದು ಕಾಲ ಬಳಿ ಇಟ್ಟಳು.

"ಹಾಕ್ಕೋ ಅಮ್ಮ," ಅಂದಳು. "ಇದು ಅಜ್ಜಿದು."

ಅವಳು ನನ್ನೊಡನೆ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.