ನಿಲ್ಲಿಸಲು ಜಾಗ

ಆ ದಿನ ಅವಳು ಎಷ್ಟು ಸಲ ಗಾಡಿ ನಿಲ್ಲಿಸಲು ಹೇಳಿದಳು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಒಂದೇ ಸಲ ಎಂದು ಬಹಳ ವರ್ಷ ನಂಬಿದ್ದೆ. ಆಮೇಲೆ ಮೂರು ಸಲ ಅನ್ನಿಸತೊಡಗಿತು. ಮೂರನೆಯದನ್ನು ನನ್ನ ಅಳುಕೇ ಸೇರಿಸಿರಬಹುದು. ಗಾಡಿ ಬಿಳಿಯದು ಎಂದು ನನ್ನ ನೆನಪು. ಉಳಿದಿರುವ ಒಂದೇ ಫೋಟೋದಲ್ಲಿ ಅದು ತಿಳಿ ಕಂದು. ಧೂಳು ಮೆತ್ತಿ ಹಾಗೆ ಕಾಣುತ್ತಿದೆಯೋ, ನನ್ನ ನೆನಪೇ ತಪ್ಪೋ, ಹೇಳಲಾರೆ. ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದುವಾಗ ಸಾಕ್ಷಿಯ ಮಾತನ್ನು ಅನುಮಾನಿಸಲು ಕಲಿತಿದ್ದೆ. ಸಾಕ್ಷಿ ನಾನೇ ಆದಾಗ ಆ ವಿದ್ಯೆ ಕೈಕೊಟ್ಟಿತು.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ನಾನು, ನನ್ನ ಹೆಂಡತಿ ಲಂಡನ್ನಿನ ಅಂಚಿನ ಹೇಸ್‌ನ ಬಾಡಿಗೆ ಮನೆಯಲ್ಲಿದ್ದೆವು. ಹಿಂದಿನ ಬೀದಿಯಲ್ಲಿದ್ದ ಕುಂದಾಪುರದ ಗೆಳೆಯ ರೆಸ್ಟೋರೆಂಟಿನಲ್ಲಿ ಅಡುಗೆ ಮಾಡುತ್ತಿದ್ದ. "ಮಸ್ಕತ್ತಿನಲ್ಲಿ ನಮ್ಮ ಭಾವ ಇದ್ದಾರೆ, ಗಾಡಿ ಕೊಡ್ತಾರೆ. ಒಂದು ವಾರ ಮೈಗೆ ಬಿಸಿಲು ಹಿಡಿಸಿಕೊಂಡು ಬರುವ ಮಾರಾಯ್ರೆ" ಎಂದು ಹೊರಡಿಸಿದ. ಟಿಕೆಟ್ ತೆಗೆದ ಮೇಲೆ ಗೊತ್ತಾಯಿತು, ಅವಳು ಬಸುರಿ. ಪ್ರಯಾಣಕ್ಕೆ ಅಡ್ಡಿಯಿಲ್ಲವೆಂದು ನಮ್ಮ ಬಡಾವಣೆಯ ಡಾಕ್ಟರು ಹೇಳಿದರು. ಅತ್ತೆಯವರು ಧಾರವಾಡದಿಂದ ಫೋನಿನಲ್ಲಿ ಹೇಳಿದ್ದು ಒಂದೇ: ಮೂರು ತಿಂಗಳು ತುಂಬುವ ತನಕ ಯಾರ ಮುಂದೆಯೂ ಬಾಯಿ ಬಿಡಬಾರದು, ದೃಷ್ಟಿಯಾಗುತ್ತದೆ.

"ಇಲ್ಲೀತನಕಾ ಬರಲಿಕ್ಕೆ ಆ ದೃಷ್ಟಿಗೆ ವೀಸಾ ಯಾರು ಕೊಡ್ತಾರ?" ಎಂದೆ ನಾನು ಹೆಂಡತಿಗೆ.

"ನಿಮಗ ಎಲ್ಲಾದರಾಗೂ ನಗಿ. ಒಬ್ಬರಿಗೂ ಹೇಳಂಗಿಲ್ಲ ನೋಡ್ರಿ. ನಿಮ್ಮ ಗೆಳೆಯಗಂತೂ ಮೊದಲ ಇಲ್ಲ, ನಾಳೆ ಸೌತಾಲ್‌ನ ನಮ್ಮ ಮಂದಿಗೆಲ್ಲಾ ಗೊತ್ತಾಗ್ತದ."

ನಾನು ಮಾತು ಕೊಟ್ಟೆ. ನಂಬಿಕೆಯಿಂದಲ್ಲ; ನನಗೇನೂ ಖರ್ಚಿಲ್ಲದ ಮಾತು ಅದು.

ಮರುಭೂಮಿ ಎಂದರೆ ಮರಳಿನ ದಿಬ್ಬ ಎಂದುಕೊಂಡಿದ್ದೆ. ಇದು ಕಲ್ಲಿನದು. ಹುಲ್ಲುಕಡ್ಡಿಯೂ ಇಲ್ಲದ ಬೋಳು ಬೆಟ್ಟಗಳು, ಅವುಗಳ ಮೈಮೇಲೆ ಉಗುರಿನಿಂದ ಗೀರಿದಂತೆ ಒಂದು ಮಣ್ಣುದಾರಿ. ನೋಡಲೇಬೇಕಾದ ದಾರಿ ಎಂದು ಅಲ್ಲಿ ಎಲ್ಲರೂ ಹೇಳುತ್ತಿದ್ದರು. ಬೆಳಿಗ್ಗೆ ಕೀಲಿ ಕೊಡುವಾಗ ಭಾವ, "ಏರಿನಲ್ಲಿ ಗಾಡಿಯ ಓಟ ತಗ್ಗಿಸಬೇಡಿ, ಜಲ್ಲಿಯಲ್ಲಿ ಚಕ್ರ ಜಾರ್ತದೆ" ಎಂದಿದ್ದರು. ಆ ದೇಶದಲ್ಲಿ ಗಾಡಿ ಓಡುವುದು ಬಲಬದಿಗೆ, ಸ್ಟೇರಿಂಗ್ ಎಡಕ್ಕೆ. ಗೇರ್ ಬದಲಿಸಲು ಹೋದಾಗಲೆಲ್ಲ ನನ್ನ ಎಡಗೈ ಅಭ್ಯಾಸದಿಂದ ಬಾಗಿಲಿಗೆ ಬಡಿಯುತ್ತಿತ್ತು. ಪ್ರಪಾತ ಬಲಕ್ಕೆ, ಅವಳ ಕಿಟಕಿಯ ಕೆಳಗೇ. ಗೆಳೆಯ ಹಿಂದಿನ ಸೀಟಿನಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ.

ಕೆಳಗೆ ಕಣಿವೆಯಲ್ಲಿ ಒಂದು ಖರ್ಜೂರದ ತೋಟ ಬಹಳ ಹೊತ್ತು ಕಾಣುತ್ತಿತ್ತು, ಯಾರೋ ಬೀಳಿಸಿಕೊಂಡು ಹೋದ ಹಸಿರು ಕರವಸ್ತ್ರದಷ್ಟು. ಅದು ಮರೆಯಾದ ಮೇಲೆ ಅವಳು ಮೊದಲ ಸಲ ಹೇಳಿದಳು.

"ಸ್ವಲ್ಪ ನಿಲ್ಲಸ್ರಿ."

"ಯಾಕ?"

ಅವಳು ಹಿಂದಿನ ಸೀಟಿನತ್ತ ಕಣ್ಣು ಹಾಯಿಸಿದಳು. "ಸುಮ್ನ. ತಲಿ ತಿರಗಲಿಕ್ಕತ್ತದ."

"ಎಂಥ ಅಕ್ಕ, ಹೆದರಿಕೆ ಆಗ್ತದಾ?" ಎಂದ ಗೆಳೆಯ. "ಆಗುಂಬೆ ಘಾಟಿಯಲ್ಲಿ ನಮ್ಮ ಬಸ್ಸಿನವನಿಗೆ ಒಂದು ಕೈಯಲ್ಲಿ ಬೀಡಿ, ಒಂದು ಕೈಯಲ್ಲಿ ಸ್ಟೇರಿಂಗು!"

"ಹಂಗಿದ್ರ ಇವರಕಿಂತ ಅವನ ಛಲೋ" ಎಂದಳು. ನಾವು ಮೂವರೂ ನಕ್ಕೆವು. ಅವಳೂ ನಕ್ಕಳು ಎಂದೇ ನನ್ನ ನೆನಪು.

ನನಗೆ ಸಂಶಯವೇ ಇಲ್ಲದ ಸಂಗತಿ ಒಂದಿದೆ. ಅವಳ ಒಂದು ಕೈ ಓಢಣಿಯ ಕೆಳಗೆ ಹೊಟ್ಟೆಯ ಮೇಲಿತ್ತು, ಅದನ್ನು ನಾನು ನೋಡಿದೆ. ಮೂರು ತಿಂಗಳು ತುಂಬಿರಲಿಲ್ಲ, ಹಿಂದೆ ಪರಗಂಡಸು ಕೂತಿದ್ದ. ಕಾರಣವನ್ನು ಅವಳು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆ ಕಟ್ಟಳೆಯನ್ನು ನಂಬದವನು ಗಾಡಿಯಲ್ಲಿ ನಾನೊಬ್ಬನೇ. ಒಂದು ಮಾತಿನಲ್ಲಿ ಮುರಿಯಬಹುದಿತ್ತು. ನಾನು ಹೇಳಿದ್ದು, "ಇನ್ನೊಂದು ತಿರುವು, ಬಂದೇಬಿಡ್ತು." ಅಂಥ ತಿರುವುಗಳು ಇನ್ನೂ ಬಹಳ ಇದ್ದವು. ಗಾಡಿ ಚೆನ್ನಾಗಿ ಏರುತ್ತಿತ್ತು. ನನಗೆ ಖುಷಿಯಾಗುತ್ತಿತ್ತು, ಅದನ್ನೂ ಬರೆಯಬೇಕು.

ಲಂಡನ್ನಿಗೆ ಮರಳಿದ ಮೂರನೆಯ ದಿನ ರಕ್ತ ಕಂಡಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಪರದೆಯನ್ನು ನಮ್ಮಿಂದ ಆಚೆ ತಿರುಗಿಸಿಕೊಂಡರು. ಗಾಡಿಯ ಕುಲುಕಾಟದಿಂದ ಹೀಗಾಗುವುದಿಲ್ಲ, ಯಾರ ತಪ್ಪೂ ಅಲ್ಲ ಎಂದು ಎರಡೆರಡು ಸಲ ಹೇಳಿದರು. ಆ ಮಾತನ್ನು ಅಂದೂ ನಂಬಿದೆ, ಇಂದೂ ನಂಬುತ್ತೇನೆ.

ಬಸ್ ಸ್ಟಾಪಿನಲ್ಲಿ ಅವಳು ನನ್ನ ಕಡೆ ನೋಡದೆ, "ನಾ ನಿಲ್ಲಸ್ರಿ ಅಂದಿದ್ದೆ" ಎಂದಳು.

"ನಿಲ್ಲಸಲಿಕ್ಕೆ ಜಾಗಾ ಎಲ್ಲಿತ್ತು? ಒಂದ ಗಾಡಿ ಹೋಗೋವಷ್ಟ ದಾರಿ."

"ಹೌದೇನು? ನಂಗ ಗೊತ್ತಾಗಲಿಲ್ಲ. ನಾ ಕಣ್ಣ ಮುಚ್ಚಿದ್ದೆ."

ಅವಳು ನನ್ನ ಮಾತನ್ನು ಹಾಗೆಯೇ ತೆಗೆದುಕೊಂಡಳು. ಊರಿಗೆ ಫೋನ್ ಮಾಡಿದಾಗ ತಾಯಿಗೂ ಅದನ್ನೇ ಹೇಳಿದಳು: "ಅವರರ ಏನ ಮಾಡಬೇಕವ್ವಾ, ಜಾಗಾನ ಇರಲಿಲ್ಲಂತ." ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಆಮೇಲೆ ನಾವು ಜಗಳವಾಡಲಿಲ್ಲ, ಮಾತು ಮಾತ್ರ ಕಡಿಮೆಯಾಯಿತು. ಸಂಜೆ ಅವಳು ಟಿವಿ ಹಾಕುತ್ತಿದ್ದಳು, ನಾನು ಮೇಲಿನ ಕೋಣೆಗೆ ಹೋಗುತ್ತಿದ್ದೆ. ಮತ್ತೆ ಮಗುವಿನ ಮಾತು ಅವಳು ಎತ್ತಲಿಲ್ಲ, ಎತ್ತುವ ಧೈರ್ಯ ನನಗಿರಲಿಲ್ಲ. ಕೆಲವು ವರ್ಷಗಳ ಮೇಲೆ ಲಂಡನ್ನಿನ ಇನ್ನೊಂದು ತುದಿಯ ಕ್ರೋಯ್ಡನ್ನಿನಲ್ಲಿ ಕೆಲಸ ಸಿಕ್ಕಿತೆಂದು ಅಲ್ಲಿಯೇ ಫ್ಲ್ಯಾಟ್ ಹಿಡಿದಳು. ಪೆಟ್ಟಿಗೆಗಳನ್ನು ಇಳಿಸಿಕೊಟ್ಟು ನಾನು ಹೊರಟಾಗ ಲಿಫ್ಟಿನ ಬಾಗಿಲಲ್ಲಿ ನಿಂತು, "ನಿಮ್ಮದೇನೂ ತಪ್ಪಿಲ್ಲ ಬಿಡ್ರಿ" ಎಂದಳು. ಅದು ಕ್ಷಮೆಯಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಅದನ್ನು ನಿಜವೆಂದೇ ನಂಬಿ ಹೇಳಿದಳು.

ಅಲ್ಲಿಂದ ಮುಂದೆ ಆ ದಾರಿ ನನ್ನನ್ನು ಕಾಡತೊಡಗಿತು. ಗೆಳೆಯನನ್ನು ಕೇಳಿದೆ. "ನೀವು ನಿಲ್ಲಿಸಿದ್ರಲ್ಲ ಮಾರಾಯ್ರೆ! ಅಕ್ಕನಿಗೆ ನೀರು ಕೊಟ್ಟದ್ದು ನಾನೇ" ಎಂದ. ಅವನು ಹೇಳಿದ್ದು ಕೊನೆಗೆ ಶಿಖರ ಮುಟ್ಟಿ ನಿಂತಾಗಿನ ಸಂಗತಿಯೋ, ನನ್ನ ಮುಖ ನೋಡಿ ಕಟ್ಟಿದ್ದೋ ತಿಳಿಯಲಿಲ್ಲ. ಅವನ ನೆನಪನ್ನೇ ನನ್ನದೆಂದು ಇಟ್ಟುಕೊಳ್ಳಲು ಕೆಲವು ತಿಂಗಳು ಯತ್ನಿಸಿದೆ. ಅದು ಕೂರಲಿಲ್ಲ.

ಮನೆಯ ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರಗಳು ಸಿಗತೊಡಗಿದ್ದು ಆ ಕಾಲದಲ್ಲಿಯೇ. ಒಂದು ಭಾನುವಾರ ಮಧ್ಯಾಹ್ನ ಆ ಬೆಟ್ಟ ಸಿಕ್ಕಿತು. ತೋಟ ಸಿಕ್ಕಿತು, ಕೂದಲೆಳೆಯಂಥ ದಾರಿಯೂ. ಬೆರಳಿಟ್ಟು ಮೇಲಕ್ಕೆ ಹೋದೆ. ತೋಟ ದಾಟಿದ ಮೇಲೆ ತಿರುವುಗಳ ಪಕ್ಕದಲ್ಲಿ ದಾರಿ ಅಲ್ಲಲ್ಲಿ ದಪ್ಪಗಾಗಿತ್ತು. ನೆರಳಿರಬಹುದು, ಈಚೆಗೆ ಅಗಲ ಮಾಡಿರಬಹುದು ಎಂದು ವಾದಿಸಿಕೊಂಡೆ. ಕೊನೆಗೆ ಗೆಳೆಯನಿಂದ ನಂಬರ್ ಇಸಿದುಕೊಂಡು ಮಸ್ಕತ್ತಿನ ಭಾವನಿಗೇ ಫೋನ್ ಮಾಡಿದೆ. ಆ ದಾರಿಯಲ್ಲಿ ವರ್ಷಕ್ಕೆ ಹತ್ತು ಸಲ ಓಡಾಡುವವರು ಅವರು.

"ಜಾಗ ಇಲ್ಲದೆ ಎಂಥ? ಎದುರಿನಿಂದ ಗಾಡಿ ಬಂದ್ರೆ ಎಲ್ಲಿಗೆ ಹೋಗುವುದು ಮತ್ತೆ? ತೋಟ ದಾಟಿದ ಮೇಲೆ ಪ್ರತಿ ತಿರುವಿನ ಹತ್ತಿರ ಎರಡು ಗಾಡಿ ನಿಲ್ಲುವಷ್ಟು ಸಮತಟ್ಟು ಉಂಟು. ನಾನು ಈ ದೇಶಕ್ಕೆ ಬಂದಾಗಿನಿಂದಲೂ ಉಂಟು."